ಯಾರೂ ಕಟ್ಟಿಹಾಕಿರಲಿಲ್ಲ

ಕ್ವಾದ್ರಾರೊ, ರೋಮ್
೧೧ ಮಾರ್ಚ್ ೧೯೭೯

ಮುದ್ದಿನ ಮಗಳು ಮಿರೆಲ್ಲಾಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಸೊಂಟನೋವಿನ ನೆಪ ಹೇಳಬಹುದಿತ್ತು. ಸಿನಿಮಾಕ್ಕಾಗಿ ನೂರು ಸಲ ಕುದುರೆಯಿಂದ ಬಿದ್ದವನ ಸೊಂಟ, ಯಾರಾದರೂ ನಂಬುತ್ತಾರೆ. ಆದರೆ ನಿಜವಾದ ಕಾರಣ ಹೆದರಿಕೆ.

ನಿನ್ನ ಶಾಲೆಯ ಮಕ್ಕಳಿಗೆ ಗ್ಲಾಡಿಯೇಟರುಗಳ, ಆ ಹಳೇ ರೋಮಿನ ಅಖಾಡದ ಕಾದಾಳುಗಳ ಬಗ್ಗೆ ನಾನು ಬಂದು ಹೇಳಬೇಕು ಎಂದಿದ್ದೀಯೆ. ಸಿನಿಮಾದಲ್ಲಿ ಅವರೆಲ್ಲ ಬೇಡಿ ತೊಟ್ಟ ಗುಲಾಮರು. ನಿನ್ನ ಪುಸ್ತಕಗಳ ಪ್ರಕಾರ ಸ್ವತಂತ್ರರೂ ತಾವಾಗಿ ಬಂದು, ಸುಟ್ಟರೂ ಹೊಡೆದರೂ ಕತ್ತಿಯಿಂದ ಕೊಂದರೂ ಸರಿ ಎಂದು ಆಣೆಯಿಟ್ಟು ಸೇರುತ್ತಿದ್ದರಂತೆ. "ಹೊಟ್ಟೆಗಿಲ್ದೋರು ಬಂದ್ರು ಅಂದ್ರೆ ಅರ್ಥ ಆಗತ್ತೆ. ಹೊಟ್ಟೆ ತುಂಬಿದೋರು ಯಾಕಪ್ಪಾ ಬಂದ್ರು?" ಎಂದು ಕೇಳಿದ್ದೀಯೆ. ಕೆಳಗೆ ಇನ್ನೊಂದು ಸಾಲು: "ಅಮ್ಮ ಹೋದ ದಿನ ಸಿನಿಮಾದವ್ರು ನಿನ್ನನ್ನೂ ಹಿಡಿದು ಇಟ್ಕೊಂಡಿದ್ರಲ್ಲ, ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ?" ಆ ಸಾಲನ್ನು ಓದಿ ಊಟ ಸೇರಲಿಲ್ಲ.

ಯಾರೂ ಹಿಡಿದಿಟ್ಟುಕೊಂಡಿರಲಿಲ್ಲ ಮಗಳೇ.

ಹನ್ನೊಂದು ವರ್ಷ ಸಿನಿಮಾಗಳಲ್ಲಿ ನಾನು ಮುಖ ಮುಚ್ಚುವ ಶಿರಸ್ತ್ರಾಣದೊಳಗೇ ಸತ್ತವನು. ನಿನ್ನಮ್ಮ ಚಿತ್ರಮಂದಿರದಲ್ಲಿ, "ಈ ತಗಡಿನ ಡಬ್ಬಿಗಳಲ್ಲಿ ನನ್ ಗಂಡ ಯಾವ್ದು?" ಎಂದು ಗಟ್ಟಿಯಾಗಿ ಕೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಅಮ್ಮ ಹೋದ ಆ ದಿನ ಮೊದಲ ಬಾರಿಗೆ, ಶಿರಸ್ತ್ರಾಣ ತೆಗೆದು, ಕ್ಯಾಮೆರಾದ ಎದುರಿಗೇ ಸಾಯುವ ಪಾತ್ರ ಸಿಕ್ಕಿತ್ತು. ಮಧ್ಯಾಹ್ನ ಎರಡಕ್ಕೆ ಪಾಲ್ಮಿರಾ ಚಿಕ್ಕಮ್ಮನ ಚೀಟಿ ಬಂತು. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಮೇಲುಸಿರು ಹತ್ತಿದೆ, ಬೇಗ ಬನ್ನಿ ಎಂದು. ನಿರ್ದೇಶಕರಿಗೆ ತೋರಿಸಿದೆ. ಅವರು ಒಳ್ಳೆಯವರು. "ಹೋಗಯ್ಯಾ ಸೆತ್ತಿಮಿಯೊ, ನಿನ್ ಬದಲು ಬೇರೆಯವನು ಸಾಯ್ತಾನೆ" ಎಂದರು. "ಇದೊಂದು ಶಾಟ್ ಮುಗಿಸ್ಕೊಂಡು ಹೋಗ್ತೀನಿ" ಎಂದವನು ನಾನು.

ಸುಣ್ಣದ ಗೋಡೆಯ ಆ ಸುಳ್ಳು ಅಖಾಡದಲ್ಲಿ ಬಿದ್ದೆ. ಮೆಟ್ಟಿಲ ಮೇಲಿದ್ದ ಮುನ್ನೂರು ಜನ ನಮ್ಮ ಬೀದಿಯವರೇ, ಕೂಲಿಗೆ ಬಂದವರು. ನಿರ್ದೇಶಕರು "ನಿಲ್ಲಿಸಿ" ಎಂದ ಮೇಲೂ ಅವರು ಚಪ್ಪಾಳೆ ನಿಲ್ಲಿಸಲಿಲ್ಲ. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅಷ್ಟು ಸಂತೋಷ ಜೀವನದಲ್ಲಿ ಮತ್ತೆಂದೂ ಆಗಲಿಲ್ಲ. ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ.

ಅಮ್ಮ ಹೋದದ್ದು ಮೂರೂಕಾಲಿಗೆ. ನಾನು ವೇಷ ಕಳಚದೆ, ಕೆಂಪು ಬಣ್ಣ ತೊಳೆಯದೆ ಟ್ರಾಮ್ ಹತ್ತಿ ಬಂದೆ. ಮನೆಯ ಮೆಟ್ಟಿಲಲ್ಲಿದ್ದ ಹೆಂಗಸರು ಅದನ್ನು ನಿಜವಾದ ರಕ್ತವೆಂದುಕೊಂಡು, "ಅಯ್ಯೋ, ಇವನಿಗೂ ಏನೋ ಆಯ್ತಲ್ರೇ!" ಎಂದು ಕೂರಲು ಕುರ್ಚಿ ಕೊಟ್ಟರು. ಒಂಬತ್ತು ವರ್ಷದ ನೀನು ನನ್ನ ಕಾಲು ತಬ್ಬಿಕೊಂಡು, "ಅವ್ರು ನಿನ್ನ ಹೊಡೆದ್ರಾ ಅಪ್ಪಾ? ಬಿಡ್ಲೇ ಇಲ್ವಾ?" ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ನಾನು ಹೇಳಿದ ಸುಳ್ಳು ಅಷ್ಟೇ, ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ.

ಆ ಸುಳ್ಳಿಗೆ ಬೆಲೆ ತೆತ್ತವಳು ಮಾತ್ರ ಪಾಲ್ಮಿರಾ. ನಿನ್ನನ್ನು ಎದೆಗವಚಿಕೊಂಡು ಸಾಕಿದವಳು. ನಿನ್ನ ಮದುವೆಗೆ ಮುಂಚೆ ಒಮ್ಮೆ ಅವಳು ತಡೆಯಲಾರದೆ, "ಅಕ್ಕ ನಿಜವಾಗ್ಲೂ ಸಾಯ್ತಿದ್ಳು, ಇವ್ನು ಸುಳ್ ಸಾವು ಸಾಯ್ತಿದ್ದ" ಎಂದುಬಿಟ್ಟಳು. ನೀನು ನನ್ನ ಪರ ನಿಂತು ಅವಳನ್ನು ಮನೆಯಿಂದ ಹೊರಗೆ ಕಳಿಸಿದೆ. ನಾನು ಅಲ್ಲೇ ಕೂತು ಸೂಪು ಕುಡಿಯುತ್ತಿದ್ದೆ. ಈಗ ಅವಳು ವೆಲ್ಲೆತ್ರಿಯ ಆಸ್ಪತ್ರೆಯಲ್ಲಿದ್ದಾಳೆ, ಏಳುವ ಹಾಗಿಲ್ಲ. ದಿನಾ ನಿನ್ನನ್ನೇ ಕೇಳುತ್ತಾಳಂತೆ. ಈ ಕಾಗದ ಕೈಸೇರಿದ ದಿನವೇ ರೈಲು ಹತ್ತು. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೊಳ್ಳಬಹುದು.

ಶಾಲೆಗೆ ನಾನು ಬರುವುದಿಲ್ಲ.

ನಿನ್ನ ಅಪ್ಪ,
ಸೆತ್ತಿಮಿಯೊ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಚೀಟಿ ಎರಡು ಗಂಟೆಗೆ ಬಂತು ಎಂದು ಮೇಲೆ ಬರೆದಿದ್ದೇನೆ. ಕಳಿಸಿದವಳು ಚಿಕ್ಕಮ್ಮ, ಅವಳಿಗೆ ಹೊತ್ತು ಗೊತ್ತು. ಅವಳಿಂದ ಕೇಳುವ ಬದಲು ನನ್ನಿಂದಲೇ ತಿಳಿದುಕೋ. ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ, ನಾನು ತೋರಿಸಿದ್ದು ಎರಡಕ್ಕೆ. ಅಲ್ಲಿಯವರೆಗೂ ಅದನ್ನು ಕಾಲಿನ ಕವಚದೊಳಗೆ ಸಿಕ್ಕಿಸಿಕೊಂಡು ಕತ್ತಿವರಸೆ ಮಾಡುತ್ತಿದ್ದೆ. ಉಸಿರಿನ ಮಾತೂ ಅದರಲ್ಲಿರಲಿಲ್ಲ. "ಅಕ್ಕನಿಗೆ ಎಚ್ಚರ ಇದೆ, ಚೆನ್ನಾಗಿ ಮಾತಾಡ್ತಿದ್ದಾಳೆ, ನಿಮ್ಮ ಹತ್ರ ಏನೋ ಹೇಳ್ಬೇಕಂತೆ" ಎಂದಿತ್ತು.