ಕುರಿಯ ಮದ್ದು

ಮಾರ್ಚ್ 4, ಮಧ್ಯಾಹ್ನ

ಸಮವಸ್ತ್ರದ ಕಾಲರುಗಳು ಇನ್ನೂ ಬಾಕಿ. ಬೆಳಗ್ಗೆಯಿಂದ ಹೊಲಿಗೆ ಮಿಷನ್ ಮುಟ್ಟಿಲ್ಲ. ಇವತ್ತು ಕುರಿಗಳಿಗೆ ಹುಳದ ಔಷಧಿ ಕುಡಿಸುವ ದಿನ. ಮನೆಯಲ್ಲಿರುವ ಕೈಗಳೆಲ್ಲ ಕೊಟ್ಟಿಗೆಗೆ. ನಾನು ಕುರಿ ಹಿಡಿಯುವುದು, ಅಕ್ಕ ಗೇಟು ಕಾಯುವುದು, ಭಾವ ಕುಡಿಸುವುದು.

ನನ್ನ ನಾಯಿ ಗುಮಾಸ್ತನದು ದೂರದಿಂದಲೇ ಮೇಲ್ವಿಚಾರಣೆ. ಉದ್ದ ಕೂದಲಿನ, ಕುರಿ ಕಾಯುವ ಜಾತಿಯ ನಾಯಿ. ಆದರೆ ಬೆಳೆದದ್ದೆಲ್ಲ ಪೇಟೆಯ ನನ್ನ ಟೈಲರಿಂಗ್ ಅಂಗಡಿಯಲ್ಲಿ, ಕತ್ತರಿಸಿದ ಬಟ್ಟೆಯ ಮೇಲೆ. ಕುರಿ ಕೆಮ್ಮಿದರೂ ನನ್ನ ಕಾಲ ಹಿಂದೆ.

"ಕುಲಕ್ಕೇ ಕಳಂಕ ಕಣಮ್ಮ ನಿನ್ನ ನಾಯಿ," ಎಂದರು ಭಾವ.

ದನದ ಡಾಕ್ಟರಮ್ಮ ಈ ಸಲ ಕುರಿಯನ್ನು ಜೋಲಿಯಲ್ಲಿ ಹಾಕಿ ತೂಗುವ ತಕ್ಕಡಿ ತಂದಿದ್ದರು. ಭಾವನಿಗೆ ನಗು. "ಈ ಕಣ್ಣೇ ತಕ್ಕಡಿ ಡಾಕ್ಟರೇ."

"ಹಾಗಾದ್ರೆ ಆ ಬೂದು ಕುರಿ ಎಷ್ಟಿದೆ ಹೇಳಿ."

ಭಾವ ಹೇಳಿದರು. ತಕ್ಕಡಿ ಒಪ್ಪಲಿಲ್ಲ. ಭಾವ ಅಂದದ್ದಕ್ಕಿಂತ ಬಹಳ ಹೆಚ್ಚು.

"ಕಣ್ಣಂದಾಜಿನಲ್ಲಿ ಕಡಿಮೆ ಕುಡಿಸಿದ್ರೆ ಹುಳ ಸಾಯಲ್ಲ, ಪಾಠ ಕಲಿಯುತ್ತೆ. ಮುಂದಿನ ಸಲ ಪೂರ್ತಿ ಡೋಸಿಗೂ ಬಗ್ಗಲ್ಲ," ಎಂದರು ಡಾಕ್ಟರ್. ಆಮೇಲೆ ಒಂದೊಂದೇ ಕುರಿಯ ಕೆಳರೆಪ್ಪೆ ಎಳೆದು ನೋಡಿದರು. ರೆಪ್ಪೆ ಕೆಂಪಗಿದ್ದವನ್ನು ಹಾಗೇ ಬಿಟ್ಟರು. ಹುಳ ರಕ್ತ ಹೀರಿ ಬಿಳಿಚಿಕೊಂಡವಕ್ಕೆ ಮಾತ್ರ ಔಷಧಿ. ತಲೆ ತೀರ ಮೇಲೆತ್ತಬಾರದು, ನಾಲಿಗೆಯ ಮೇಲೆ ಹಿಂದಕ್ಕೆ ಬಿಡಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತದೆ... ಭಾವ ಎಲ್ಲ ಮಾಡಿದರು. ಮುಖ ಮಾತ್ರ ಗಂಟು.

ಬಾಟಲಿಯಲ್ಲಿ ಔಷಧಿ ಉಳಿಯಿತು. "ಬೀಗ ಹಾಕಿಡಿ. ಕುರಿಗೆ ಅಂತ ಬರೆದದ್ದು ಕುರಿಗೆ ಮಾತ್ರ," ಎಂದು ಡಾಕ್ಟರ್ ಅಕ್ಕನಿಗೆ ಹೇಳುವಾಗ ಭಾವ ಕುರಿ ಅಟ್ಟಿಕೊಂಡು ಗೇಟು ದಾಟಿದ್ದರು.

ಮಾರ್ಚ್ 6

ಕಾಲರ್ ಮುಗಿಯಿತು. ಗುಂಡಿ ಶುರು.

ಬೆಳಗ್ಗೆ ಭಾವನ ಚಹಾದಲ್ಲಿ ಕೂದಲು. "ನಿನ್ನ ನಾಯಿ ಮನೆಯೆಲ್ಲ ಉದುರ್ತಾ ಇದೆ. ಪೇಟೆಯಿಂದ ಬಂದವರಿಗೆ ಒಳಗೇ ಜಾಗ ಬೇಕೇನೋ."

ನಾಯಿಗೆ ಅಂದದ್ದೋ, ನನಗೋ. ನನ್ನ ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ "ಸ್ವಲ್ಪ ದಿನ" ಎಂದು ಬಂದವಳು ನಾನು. ಸ್ವಲ್ಪ ದಿನಕ್ಕೂ ಒಂದು ಅಳತೆ ಇರುತ್ತದಲ್ಲ. ಪೇಟೆಯಲ್ಲಿ ಕೋಣೆ ನೋಡಲು ಹೇಳಿಟ್ಟಿದ್ದೇನೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಮಾರ್ಚ್ 8, ಸಂಜೆ

ಗುಮಾಸ್ತ ಎರಡು ದಿನದಿಂದ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ತೆವಳುತ್ತಾನೆ. ಇವತ್ತು ಭಾವ ಆಗಷ್ಟೇ ಒರೆಸಿದ ಜಗಲಿಯ ಮೇಲೆ. ಈ ತುದಿಯಿಂದ ಆ ತುದಿಯವರೆಗೆ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೇ ನೋಡಿದರು ಭಾವ.

"ಇರು ಇರು. ಇದಕ್ಕೊಂದು ಗತಿ ಕಾಣಿಸ್ತೀನಿ."

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 9, ಸಂಜೆ

ಗುಮಾಸ್ತನಿಗೆ ಏನೋ ಆಗಿದೆ. ಮಧ್ಯಾಹ್ನ ಬಾಗಿಲ ಚೌಕಟ್ಟಿಗೆ ಢಿಕ್ಕಿ ಹೊಡೆದ. ಕುಡಿದವನ ಹಾಗೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಬಾಯಿಂದ ನೊರೆಯಲ್ಲ, ನೀರಿನಂಥ ಜೊಲ್ಲು, ಎದೆಯೆಲ್ಲ ಒದ್ದೆ. ಕರೆದರೆ ಇನ್ನೆಲ್ಲೋ ನೋಡುತ್ತಾನೆ. ಕಣ್ಣಪಾಪೆ ಇಷ್ಟಗಲ... ಬರೀ ಕಪ್ಪು.

ಈಗ ಮಲಗಿದ್ದಾನೆ. ನಡುಗುತ್ತಿದ್ದಾನೆ. ಡಾಕ್ಟರಿಗೆ ಫೋನ್ ಮಾಡಿದೆ. ಹೊರಟಿದ್ದಾರೆ.

ಗತಿ ಕಾಣಿಸ್ತೀನಿ ಎಂದಿದ್ದರಲ್ಲ.

ಮಾರ್ಚ್ 10, ಬೆಳಿಗ್ಗೆ. ಆಸ್ಪತ್ರೆಯ ಬೆಂಚು

ನಿನ್ನೆಯದನ್ನು ಬರೆದಿಡುತ್ತೇನೆ. ಬರೆಯದಿದ್ದರೆ ತಲೆಯೊಳಗೆ ಸುತ್ತುತ್ತಲೇ ಇರುತ್ತದೆ.

ಡಾಕ್ಟರ್ ಜಗಲಿಯ ಮೇಲೆ ಮಂಡಿಯೂರಿ ಗುಮಾಸ್ತನ ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಅಲುಗಲಿಲ್ಲ. "ಏನು ತಿಂದ? ಇಲಿ ಪಾಷಾಣ ಏನಾದ್ರೂ? ಯಾರದಾದ್ರೂ ಮಾತ್ರೆ?"

ಭಾವ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಭಾವನ ಕಡೆ ತಿರುಗಿದೆ.

"ಗತಿ ಕಾಣಿಸಿದ್ರಲ್ಲ ಭಾವ. ಸಮಾಧಾನ ಆಯ್ತಾ?"

"ಏನೇ ಮಾತಾಡ್ತಿದೀಯ!" ಎಂದಳು ಅಕ್ಕ.

"ಮದ್ದು ಹಾಕಿದಾರೆ ಅಕ್ಕ. ಬೇಕಂತಲೇ. ಇವನನ್ನ ಕಂಡ್ರೆ ಆಗಲ್ಲ, ನನ್ನನ್ನ ಕಂಡ್ರೂ ಆಗಲ್ಲ."

ಆಡಿಬಿಟ್ಟೆ. ಡಾಕ್ಟರ್ ತಲೆಯೆತ್ತದೆ ನಾಡಿ ನೋಡುತ್ತಲೇ ಇದ್ದರು. "ಮೊನ್ನೆಯ ಕುರಿ ಔಷಧಿ ಇರಬಹುದು. ಔಷಧಿ ಕುಡಿದ ಕುರಿಯ ಹಿಕ್ಕೆ ತಿಂದ್ರೂ ಈ ಜಾತಿ ನಾಯಿಗೆ ಹೀಗಾಗುತ್ತೆ. ಚೆಲ್ಲಿದ್ದನ್ನ ನೆಕ್ಕಿರಬಹುದು. ಅಂಥದ್ದೇ ಅಂತ ಕಾಣುತ್ತೆ."

ಅಲ್ಲಿಗೆ ಮುಗಿಯಬಹುದಿತ್ತು. ಹಿಕ್ಕೆ ತಿಂದ ನಾಯಿ. ಯಾರ ತಪ್ಪೂ ಅಲ್ಲ.

ಭಾವ ಕಂಬ ಬಿಟ್ಟು ಕೊಟ್ಟಿಗೆಯತ್ತ ನಡೆದರು. ತಪ್ಪಿಸಿಕೊಂಡರು ಅಂದುಕೊಂಡೆ. ಬರುವಾಗ ಒಂದು ಕೈಯಲ್ಲಿ ಔಷಧಿ ಬಾಟಲಿ, ಇನ್ನೊಂದರಲ್ಲಿ ದೊಡ್ಡ ಚಮಚ.

"ಹಿಕ್ಕೆ ಅಲ್ಲ ಡಾಕ್ಟರೇ. ನಾನೇ ಹಾಕ್ದೆ. ಬೆಳಗ್ಗೆ, ಇವಳು ಮಿಷನ್ ಮುಂದೆ ಕೂತಾಗ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ."

"ಎಷ್ಟು?"

"ಈ ಚಮಚ ತುಂಬ. ನೆಲಕ್ಕೆ ಉಜ್ಜುತಾ ಇತ್ತಲ್ಲ, ಹುಳ ಆಗಿದೆ ಅಂದ್ಕೊಂಡೆ. ಪಾಪ ಅನ್ನಿಸ್ತು. ಕುರಿಮರಿಗೆ ಹಾಕೋ ಹಾಗೆ ಹಾಕ್ದೆ." ನನ್ನ ಕಡೆ ನೋಡಲಿಲ್ಲ. "ಖುಷಿಯಿಂದ ತಿಂತು. ನನ್ನ ಕೈ ನೆಕ್ತು."

ಡಾಕ್ಟರ್ ಬಾಟಲಿಯ ಲೇಬಲ್ ಓದಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಹೇಳಿದ್ದು ಒಳ್ಳೇದಾಯ್ತು. ಹಿಕ್ಕೆ ಅಂದ್ಕೊಂಡಿದ್ರೆ ಇಲ್ಲೇ ಬಿಟ್ಟು ಹೋಗ್ತಿದ್ದೆ. ಇಷ್ಟು ಒಳಗೆ ಹೋಗಿದ್ರೆ ಇವನ ಸ್ಥಿತಿ ಇನ್ನೂ ಬಿಗಡಾಯಿಸುತ್ತೆ. ಈಗಲೇ ಕರ್ಕೊಂಡು ಹೋಗೋಣ."

ವಾಂತಿ ಮಾಡಿಸಿ ಎಂದೆ. ಈಗ ಮಾಡಿಸಿದರೆ ಶ್ವಾಸಕ್ಕೆ ಹೋಗುತ್ತದಂತೆ, ನುಂಗುವ ಎಚ್ಚರವೂ ಅವನಿಗಿಲ್ಲ. ಔಷಧಿಗೆ ಎದುರು ಔಷಧಿ ಕೊಡಿ ಎಂದೆ. ಅಂಥದ್ದಿಲ್ಲವಂತೆ. ಬೇರೆ ನಾಯಿಗಳಲ್ಲಿ ಮೆದುಳಿನ ಹೊರಗೇ ನಿಲ್ಲುವ ಮದ್ದು ಈ ಜಾತಿಯ ಎಷ್ಟೋ ನಾಯಿಗಳಲ್ಲಿ ಒಳಗೆ ನುಗ್ಗುತ್ತದಂತೆ. ಹುಟ್ಟಿನಿಂದಲೇ ಆ ಬಾಗಿಲು ಸಡಿಲ. "ಮದ್ದು ತಾನಾಗಿ ಇಳಿಯೋವರೆಗೆ ನಾವು ಇವನ ಜೀವ ಹಿಡಿದಿಟ್ಕೋಬೇಕು. ಅಷ್ಟೇ ಚಿಕಿತ್ಸೆ."

ಭಾವ ಅವನನ್ನು ಎತ್ತಿ ವ್ಯಾನಿಗೆ ಹಾಕಿದರು. ನನಗೆ ಎತ್ತಲು ಆಗುತ್ತಿರಲಿಲ್ಲ. ಬೇಡ ಎನ್ನಲೂ ಆಗಲಿಲ್ಲ.

ಈಗ ಡ್ರಿಪ್ ಹೋಗುತ್ತಿದೆ. ಕರೆದರೆ ಕಿವಿಯೂ ಆಡುವುದಿಲ್ಲ.

ಮಾರ್ಚ್ 12, ಮಧ್ಯಾಹ್ನ

ಹಾಗೇ ಇದ್ದಾನೆ. ಕಣ್ಣು ತೆರೆದೇ ಇದೆ, ರೆಪ್ಪೆ ಮುಚ್ಚುವುದಿಲ್ಲ. ಒಣಗದಂತೆ ಮುಲಾಮು ಹಚ್ಚಬೇಕು. ಆಗಾಗ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒಂದು ಕಡೆಯ ಶ್ವಾಸಕೋಶ ಕಟ್ಟಿಕೊಳ್ಳುತ್ತದೆ, ಚರ್ಮ ಹುಣ್ಣಾಗುತ್ತದೆ. ಮೈ ತಣ್ಣಗಾದರೆ ಬಿಸಿನೀರಿನ ಚೀಲ. ಮೂಗಿನ ನಳಿಕೆಯಿಂದ ಆಹಾರ.

ಹಗಲು ನಾನು. ಕುರಿಗಳನ್ನು ಕೂಡಿದ ಮೇಲೆ ಭಾವ. ಬರುತ್ತಾರೆ, ಚಪ್ಪಲಿ ಹೊರಗೆ ಬಿಡುತ್ತಾರೆ, ಕೈ ತೊಳೆಯುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ. ನಾನು ಎದ್ದು ಹೋಗುತ್ತೇನೆ. ಅಕ್ಕ ಇಬ್ಬರಿಗೂ ಬೇರೆ ಬೇರೆ ಡಬ್ಬಿಯಲ್ಲಿ ಊಟ ಕಳಿಸುತ್ತಿದ್ದಾಳೆ. ಹೆಂಡತಿಯೂ ಆಗಿರಬೇಕು, ಅಕ್ಕನೂ ಆಗಿರಬೇಕು. ಅವಳ ಪಾಡು ಯಾರಿಗೂ ಬೇಡ.

ಡಾಕ್ಟರ್ ಗುಮಾಸ್ತನ ಮಲ ಪರೀಕ್ಷೆಗೆ ಕಳಿಸಿದ್ದರು, ಫಲಿತಾಂಶ ಬಂತು. ಹುಳವೇ ಇಲ್ಲ. ಒಂದು ಮೊಟ್ಟೆಯೂ ಇಲ್ಲ. ಹಿಂಭಾಗದ ಗ್ರಂಥಿ ತುಂಬಿಕೊಂಡಿತ್ತಂತೆ, ಅದಕ್ಕೆ ಉಜ್ಜುತ್ತಿದ್ದದ್ದು. ಡಾಕ್ಟರ್ ಒತ್ತಿ ತೆಗೆದರು. ಕ್ಷಣದ ಕೆಲಸ.

ಭಾವನಿಗೆ ಇದನ್ನು ನಾನು ಹೇಳಲಿಲ್ಲ. ಡಾಕ್ಟರ್ ಹೇಳಿದರು. ಕೇಳಿ ಭಾವ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದರು.

ಮಾರ್ಚ್ 13, ಸಂಜೆ

ಇವತ್ತು ನಾನು ಎದ್ದು ಹೋಗಲಿಲ್ಲ. ಮಗ್ಗುಲು ಬದಲಿಸಲು ಒಬ್ಬಳಿಂದ ಆಗುತ್ತಿರಲಿಲ್ಲ, ಭಾವ ಬಂದು ಸೊಂಟದ ಕಡೆ ಹಿಡಿದರು. ತಿರುಗಿಸಿದೆವು. ಆಮೇಲೆ ಅವನ ಎರಡು ಬದಿಗೆ ಇಬ್ಬರೂ ಕೂತೆವು.

"ಬೇಕಂತಲೇ ಅಂದ್ಕೊಂಡೆಯಲ್ಲ," ಎಂದರು ಭಾವ.

"ಹೌದು."

"ಎಷ್ಟು ಹೊತ್ತು?"

"ನೀವು ಬಾಟ್ಲಿ ತರೋ ತನಕ."

"ಆಮೇಲೆ?"

"ಆಮೇಲೆ ಇನ್ನೂ ಸಿಟ್ಟು ಬಂತು. ಬೇಕಂತ ಮಾಡಿದ್ರೆ ನಿಮ್ಮನ್ನ ಬೈಕೊಂಡು ಇರಬಹುದಿತ್ತು."

ತಲೆಯಾಡಿಸಿದರು. ಗುಮಾಸ್ತನ ಕಿವಿಯ ಕೂದಲು ಬಿಡಿಸುತ್ತ ಕೂತರು. "ನಿನ್ನ ಅಕ್ಕ ಹೇಳಿದ್ಳು. ಪೇಟೇಲಿ ಕೋಣೆ ನೋಡ್ತಿದ್ದೀಯಂತೆ."

ಅಕ್ಕನಿಗೆ ಹೇಗೆ ಗೊತ್ತಾಯಿತು! ಅವಳಿಗೆ ಗೊತ್ತಾಗದ್ದು ಯಾವುದಿದೆ.

"ಕೂದಲು ಉದುರುತ್ತೆ ಅಂದದ್ದು ನಾಯಿಗೆ ಕಣಮ್ಮ. ನಿನಗಲ್ಲ. ನಾನು ಎಲ್ಲದಕ್ಕೂ ಗೊಣಗ್ತೀನಿ. ಕುರಿಗೂ ಗೊಣಗ್ತೀನಿ. ಕುರಿಗಳು ಗಂಟುಮೂಟೆ ಕಟ್ತಾವಾ?"

ನಗು ಬಂದುಬಿಟ್ಟಿತು. ಅಳುವೂ. ಎರಡಕ್ಕೂ ಒಂದೇ ಸೆರಗು.

ಮಾರ್ಚ್ 15

ಬೆರಳ ಸಂದಿಯಲ್ಲಿ ಚಿವುಟಿದರೆ ಕಾಲು ಎಳೆದುಕೊಂಡ. ಡಾಕ್ಟರ್ ಎರಡು ಸಲ ಚಿವುಟಿ ನೋಡಿದರು. ನಾನು ಒಂದು ಸಲ. ಭಾವ, "ಸಾಕು ಬಿಡ್ರೀ, ನೋಯುತ್ತೆ ಅದಕ್ಕೆ," ಎಂದು ರೇಗಿದರು.

ಮಾರ್ಚ್ 18, ಬೆಳಿಗ್ಗೆ

ತಲೆ ಎತ್ತಿದ!

ಒಳಗೆ ಹೋದಾಗ ಎದೆಯೂರಿ ಕೂತಿದ್ದ, ತಲೆ ಓಲಾಡುತ್ತಿತ್ತು. ಬೆರಳಲ್ಲಿ ತುಟಿಗೆ ನೀರು ಹಚ್ಚಿದೆ, ನೆಕ್ಕಿದ. ಕಣ್ಣು ಇನ್ನೂ ಕಾಣುತ್ತಿಲ್ಲ. ಬರುತ್ತದೆ ಅಂತಾರೆ ಡಾಕ್ಟರ್, ಮೆಲ್ಲಗೆ.

ಭಾವ ಬಂದರು, ಬಾಗಿಲಲ್ಲೇ ನಿಂತರು. ಕರೆಯಲಿಲ್ಲ, ಮಾತಾಡಲಿಲ್ಲ. ಗುಮಾಸ್ತ ಗಾಳಿ ಮೂಸಿದ. ತೆವಳಿದ. ಕಾಲು ಜಾರಿತು, ಮತ್ತೆ ತೆವಳಿದ. ನೇರ ಹೋಗಿ ಕುರಿಯ ವಾಸನೆಯ ಆ ಪ್ಯಾಂಟಿಗೆ ಗಲ್ಲ ಒರಗಿಸಿ ಮಲಗಿದ.

ಸಾಕಿದವಳು ನಾನು. ಹಗಲೆಲ್ಲ ಕಾದವಳು ನಾನು. ಹೊಟ್ಟೆಕಿಚ್ಚಾಯಿತು. ಸುಳ್ಳು ಬರೆಯುವುದೇಕೆ.

ಭಾವ ಮಾತ್ರ ಅಲುಗಾಡದೆ ನಿಂತಿದ್ದರು, ಕಾಲು ಮರಗಟ್ಟುವವರೆಗೆ.

ಮಾರ್ಚ್ 30

ಮನೆಗೆ ಬಂದು ವಾರವಾಯಿತು. ಕಣ್ಣು ಬಂದಿದೆ. ಮೆಟ್ಟಿಲು ಹತ್ತುವಾಗ ಇನ್ನೂ ಯೋಚಿಸಿ ಹತ್ತುತ್ತಾನೆ.

ಪೇಟೆಯಿಂದ ಫೋನ್ ಬಂತು, ಕೋಣೆ ಸಿಕ್ಕಿದೆಯಂತೆ. ಬೇಡ ಎಂದೆ. ಮಿಷನ್ನನ್ನು ಬೆಳಕಿರುವ ಕಿಟಕಿಗೆ ಸರಿಸಿದ್ದೇನೆ. ಅಕ್ಕ ಆ ಕಿಟಕಿಯ ಪರದೆ ಒಗೆದು ಹಾಕಿದಳು.

ಹಾಲಿನವನು ಬಂದಿದ್ದ. ಹಸುವಿಗೆ ತಂದ ಹುಳದ ಔಷಧಿ ಉಳಿದಿದೆ, ನಮ್ಮ ಬೆಕ್ಕಿಗೂ ಒಂದು ತೊಟ್ಟು ಹಾಕೋಣ ಅಂತಿದೀನಿ ಎಂದ ಪಾಪ. ಮಾತಿಗೆ ಅಂದದ್ದು. ಭಾವ ಕುರಿ ಬಿಟ್ಟು ಬಂದರು.

"ಬೆಕ್ಕು ಅಂದ್ರೆ ಸಣ್ಣ ಹಸು ಅಲ್ಲ ಕಣಯ್ಯ! ತೊಟ್ಟಂತೆ ತೊಟ್ಟು! ಯಾವ ತೊಟ್ಟು, ಎಷ್ಟು ತೂಕಕ್ಕೆ? ಲೇಬಲ್ಲಲ್ಲಿ ಬೆಕ್ಕಿನ ಚಿತ್ರ ಇದೆಯಾ? ಅಲ್ಲ, ಆ ಹಸು ಹಾಲು ಈಗ ಮಾರ್ತಿದೀಯಾ? ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದು ಅಂತ ಬರೆದಿರ್ತಾರೆ, ಓದಿದೀಯಾ?"

ಹಾಲಿನವನು ನನ್ನ ಮುಖ ನೋಡಿದ. ನಾನು ದಾರ ಪೋಣಿಸಿದೆ. ಆ ಹಾಲು ಮಾರ್ತಿಲ್ಲ ಯಜಮಾನ್ರೇ, ಕರುಗೂ ಕುಡಿಸ್ತಿಲ್ಲ, ಡಾಕ್ಟ್ರು ಹೇಳಿದ್ರು ಎಂದ. ಭಾವ ತಣ್ಣಗಾದರು. ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ಯುತ್ತೇನೆ ಎಂದು ಮಾತು ಕೊಟ್ಟ ಮೇಲೇ ಬಿಟ್ಟರು.

ಏಪ್ರಿಲ್ 21, ಬೆಳಿಗ್ಗೆ

ನಿನ್ನೆ ಗುಮಾಸ್ತನ ಮಲ ಮತ್ತೆ ಪರೀಕ್ಷೆ. ಈಗ ನಿಜವಾಗಿಯೂ ಹುಳ. ಕೊಕ್ಕೆಹುಳವಂತೆ.

"ನಾನು ಆಗಲೇ ಅಂದಿರಲಿಲ್ವಾ?" ಎಂದರು ಭಾವ. ಅಕ್ಕ ಒಂದು ನೋಟ ನೋಡಿದಳು. ಬಾಯಿ ಮುಚ್ಚಿದರು.

ಡಾಕ್ಟರ್ ಇವನ ಜಾತಿಗೆ ಆಗುವಂಥ ಮಾತ್ರೆ ಆರಿಸಿದರು. ನಾಯಿಗೆಂದೇ ಮಾಡಿದ್ದು. ತೂಕ ನೋಡಿಯೇ ಕೊಟ್ಟದ್ದು. ತೂಕದ ಯಂತ್ರದ ಮೇಲೆ ಮೊದಲು ಭಾವ ಒಬ್ಬರೇ, ಆಮೇಲೆ ಗುಮಾಸ್ತನನ್ನು ಎತ್ತಿಕೊಂಡು. ಕಳೆದರೆ ಉಳಿದದ್ದು ಗುಮಾಸ್ತ. ಭಾವನ ತೂಕ ಓದುವಾಗ ಡಾಕ್ಟರ್ ಗೌರವದಿಂದ ದನಿ ತಗ್ಗಿಸಿದರು. ಅಕ್ಕ ತಗ್ಗಿಸಲಿಲ್ಲ.

ಇವತ್ತು ಬೆಳಿಗ್ಗೆ ಮಾತ್ರೆಯನ್ನು ಭಾವನ ಅಂಗೈಯಲ್ಲಿಟ್ಟೆ.

"ನಾನಾ? ನನ್ನ ಕೈಯಿಂದ ಬೇಡಮ್ಮ. ನೀನೇ ಕೊಡು."

"ನೀವೇ ಕೊಡಿ ಭಾವ."

ಲೇಬಲ್ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಅಂಗೈ ಚಾಚಿದರು. ಗುಮಾಸ್ತ ಮೂಸಲೂ ಇಲ್ಲ, ಗುಳುಂ ಅನ್ನಿಸಿದ, ಇನ್ನೇನಿದೆ ಎಂದು ಜೇಬಿಗೆ ಮೂತಿ ಹಾಕಿದ.

ಇದು ನಡೆದದ್ದು ತಿಂಡಿಗೆ ಮುಂಚೆ. ಈಗಲೂ ಭಾವ ಜಗಲಿಯಲ್ಲೇ ಇದ್ದಾರೆ. ಕುರಿಗಳು ಕೂಗುತ್ತಿವೆ, ಹೋಗಿಲ್ಲ. ಗುಮಾಸ್ತ ನಡೆದರೆ ನಡಿಗೆ ನೋಡುತ್ತಾರೆ, ಕೂತರೆ ಕಣ್ಣು ನೋಡುತ್ತಾರೆ. ಚಹಾ ಆರಿಹೋಗಿದೆ. ಏನೂ ಆಗಲ್ಲ ಭಾವ, ಒಳಗೆ ಬನ್ನಿ ಎಂದು ಕಿಟಕಿಯಿಂದಲೇ ಕೂಗಬಹುದು. ಬೇಡ. ಇನ್ನೊಂದು ಲೋಟ ಚಹಾ ತಗೊಂಡು ನಾನೂ ಅಲ್ಲೇ ಹೋಗಿ ಕೂರುತ್ತೇನೆ.