ನನ್ನ ಗಂಡನನ್ನು ಗೋಡೆಯಿಂದ ಇಳಿಸಿ

ಮಾನ್ಯ ಉಳಿತಾಯ ಸಲಹಾಧಿಕಾರಿಗಳೇ,

ನನ್ನ ಗಂಡನನ್ನು ಗೋಡೆಯಿಂದ ಇಳಿಸಿ. ಅನಗತ್ಯವಾದದ್ದಕ್ಕೆ ಒಂದು ಕಾಸೂ ಖರ್ಚು ಮಾಡಬಾರದೆಂದು ತಮ್ಮ ಕಚೇರಿಯೇ ನಮಗೆ ಕಲಿಸಿರುವುದರಿಂದ ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬಂದಿದ್ದೇನೆ. ಬಸ್ ನಿಲ್ದಾಣದಲ್ಲಿ, ಅಂಚೆ ಕಚೇರಿಯಲ್ಲಿ, ದೊಡ್ಡಾಸ್ಪತ್ರೆಯಲ್ಲಿ ತಾವು ಅಂಟಿಸಿರುವ ಪೋಸ್ಟರ್‌ನಲ್ಲಿ ನೀಲಿ ಅಂಗಿ ತೊಟ್ಟು ನಗುತ್ತಿರುವ ಮೆಕ್ಯಾನಿಕ್ ನಮ್ಮ ಯಜಮಾನರು. ಕೆಳಗೆ ದಪ್ಪ ಅಕ್ಷರದಲ್ಲಿ "ನಾನು ಒಂದು ತಿಂಗಳು ತಡೆದೆ. ನೀವು?" ಎಂದು ಬರೆಸಿದ್ದೀರಿ. ಅವರು ತೀರಿಕೊಂಡು ವರ್ಷ ತುಂಬುತ್ತಾ ಬಂತು. ಗೋಡೆಯ ಮೇಲೆ ಮಾತ್ರ ಇನ್ನೂ ಉಳಿತಾಯ ಮಾಡುತ್ತಲೇ ಇದ್ದಾರೆ.

ಸಲಹೆ ಕೊಟ್ಟವರಿಗೆ ಅದು ಮರೆತುಹೋಗಿರುತ್ತದೆ, ಆದ್ದರಿಂದ ನೆನಪಿಸುತ್ತೇನೆ. ಅವರು ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುತ್ತಿದ್ದವರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಳೇ ಬಟ್ಟೆಗೆ ಜಿಪ್ ಹಾಕುವುದು, ಬಿಗಿಯಾದದ್ದನ್ನು ಬಿಡಿಸುವುದು ಮಾಡುತ್ತೇನೆ. ಒಂದು ದಿನ ತಮ್ಮ ಕಚೇರಿಯವರು ಡಿಪೋಗೆ ಬಂದು, ಮೈಕ್ ಹಿಡಿದು, ಬಡವರಿಗೆ ದುಡ್ಡು ಉಳಿಸುವುದು ಹೇಗೆಂದು ಪಾಠ ಹೇಳಿದರು. "ಯಾವುದೇ ಖರ್ಚು ಮಾಡಬೇಕು ಅನ್ನಿಸಿದರೆ ಒಂದು ತಿಂಗಳು ತಡೆಯಿರಿ. ನಿಜವಾದ ಅಗತ್ಯ ಹಾಗೇ ಇರುತ್ತದೆ. ಸುಳ್ಳು ಅಗತ್ಯ ತಾನಾಗಿ ಹೋಗುತ್ತದೆ." ನಮ್ಮವರು ಗುರೂಪದೇಶ ಪಡೆದವರ ಹಾಗೆ ಮನೆಗೆ ಬಂದರು. ಅಂದಿನಿಂದ ಮಗಳು ಶೂ ಕೇಳಿದರೆ ತಿಂಗಳು ತಡಿ, ನಾನು ಇಸ್ತ್ರಿಪೆಟ್ಟಿಗೆ ಕೇಳಿದರೆ ತಿಂಗಳು ತಡಿ. ಮೂವರೂ ಸ್ಟುಡಿಯೋಗೆ ಹೋಗಿ ಒಂದು ಫೋಟೋ ತೆಗೆಸಿಕೊಳ್ಳೋಣ ಎಂದರೆ ಅದಕ್ಕೂ ತಡಿ.

"ರೀ, ಊಟಕ್ಕೆ ಏಳ್ತೀರಾ, ಇಲ್ಲಾ ಅದಕ್ಕೂ ತಿಂಗಳು ತಡೀತೀರಾ?" ಎಂದು ನಾನು ರೇಗಿಸುತ್ತಿದ್ದೆ.

"ನಗು, ನಗು. ನಾಳೆ ಮಗಳನ್ನ ಕಾಲೇಜಿಗೆ ಸೇರಿಸುವಾಗ ನಿಂಗೇ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಸುಳ್ಳು ಹೇಳಿದರೆ ನಾಲಿಗೆ ಬಿದ್ದು ಹೋದೀತು, ದುಡ್ಡು ಉಳಿದದ್ದು ನಿಜ. ಬ್ಯಾಂಕಿನಲ್ಲಿ ನಮ್ಮದೂ ಅಂತ ಒಂದಿಷ್ಟು ಸೇರಿತು. ಅದನ್ನು ಕೇಳಿ ತಮ್ಮ ಕಚೇರಿ ಸಂತೋಷಪಟ್ಟು ಫೋಟೋದವರನ್ನು ಕಳಿಸಿತು. ಪೋಸ್ಟರ್ ಹತ್ತಿರ ಹೋಗಿ ಕಾಲರ್ ನೋಡಿ. ಸವೆದಿದ್ದ ಕಾಲರನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಹಿಂದಿನ ದಿನ ನಾನೇ ಹೊಲಿದುಕೊಟ್ಟದ್ದು. ತಮ್ಮ ಫೋಟೋದವರಿಗೂ ಗೊತ್ತಾಗಲಿಲ್ಲ.

ಅದಾದ ಮೇಲೆ ಅವರಿಗೆ ಎದೆ ಹಿಡಿಯಲು ಶುರುವಾಯಿತು. ಮೆಟ್ಟಿಲು ಹತ್ತಿದರೆ ಎಡ ತೋಳು ಸೆಳೆಯುತ್ತಿತ್ತು. ಡಾಕ್ಟರು ಚೀಟಿ ಬರೆದು, ತಡ ಮಾಡದೆ ದೊಡ್ಡಾಸ್ಪತ್ರೆಯಲ್ಲಿ ಹೃದಯದ ಪರೀಕ್ಷೆ ಮಾಡಿಸಿ ಎಂದರು. ಪರೀಕ್ಷೆಯ ದರ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಆದರೂ ದುಡ್ಡು ಇತ್ತಲ್ಲ, ಉಳಿಸಿದ್ದೆವಲ್ಲ! "ನಾಳೇನೇ ಹೋಗೋಣ" ಎಂದೆ. ನಮ್ಮವರು ಏನೆಂದರು, ತಾವು ಊಹಿಸಬಲ್ಲಿರಿ. "ತಿಂಗಳು ತಡೆಯೋಣ ಕಣೇ. ನಿಜವಾದ ನೋವಾದ್ರೆ ಇರುತ್ತೆ. ಇಲ್ದಿದ್ರೆ ತಾನಾಗೇ ಹೋಗುತ್ತೆ."

ನಾನು ಜಗಳ ಆಡಿದೆ. ಅತ್ತು ಕರೆದೆ. ಮಾತು ಬಿಟ್ಟೆ. "ಬ್ರೇಕ್ ಕಿರ್ ಅಂದ್ರೆ ಆ ಬಸ್ಸನ್ನ ಡಿಪೋದಿಂದ ಹೊರಗೇ ಬಿಡಲ್ಲ ನೀವು. ನಿಮ್ಮ ಎದೆ ಕಿರ್ ಅಂದ್ರೆ ತಿಂಗಳು ತಡೀಬೇಕಾ?" ಎಂದು ಕೂಗಾಡಿದೆ. "ಬಸ್ಸಲ್ಲಿ ಅಷ್ಟು ಜನ ಇರ್ತಾರೆ ಕಣೇ" ಎಂದರು. ತಾನು ಒಬ್ಬನೇ, ತನ್ನೊಳಗೆ ಯಾರೂ ಕೂತಿಲ್ಲ ಎಂದುಕೊಂಡಿದ್ದರು ಆ ಮಹಾನುಭಾವ. ನಾನು, ಮಗಳು ಇಬ್ಬರೂ ಅದೇ ಬಸ್ಸಿನಲ್ಲಿದ್ದೆವು.

ತಮ್ಮ ಸಲಹೆಯ ಶಕ್ತಿ ನೋಡಿ, ತಿಂಗಳು ತುಂಬುವ ಮೊದಲೇ ನೋವು ಹೋಯಿತು! "ನೋಡ್ದ್ಯಾ? ಸುಮ್ನೆ ದುಡ್ಡು ಸುರೀತಿದ್ವಿ" ಎಂದು ಮಗಳ ಕೈ ಹಿಡಿದು ಅಡುಗೆಮನೆಯಲ್ಲಿ ಕುಣಿದರು. ನನಗೂ ನಗು ಬಂತು. ಹಾಳಾದ್ದು, ನನಗೂ ನೆಮ್ಮದಿಯಾಯಿತು. ಅದಾಗಿ ಒಂದು ವಾರಕ್ಕೆ, ಡಿಪೋದಲ್ಲಿ ಬಸ್ಸಿನಡಿಯ ರಿಪೇರಿ ಗುಂಡಿಗೆ ಇಳಿದವರು ಮೇಲೆ ಬರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತಂತೆ. ಪರೀಕ್ಷೆ ಮಾಡಿಸದೆ ಉಳಿದ ಹಣ ಅವರನ್ನು ಮಣ್ಣು ಮಾಡುವ ಖರ್ಚಿಗೆ ಸರಿಹೋಯಿತು.

"ಆಸ್ಪತ್ರೆಗೆ ಹೋಗಬೇಡಿ ಎಂದು ನಾವು ಹೇಳಿರಲಿಲ್ಲವಲ್ಲ" ಎನ್ನುತ್ತೀರಿ. ನಿಜ, ಹೇಳಿರಲಿಲ್ಲ. "ಯಾವುದೇ ಖರ್ಚು" ಎಂದಿರಿ, ಅಷ್ಟೇ. ತಮ್ಮ ಮನೆಯಲ್ಲಿ ತಿಂಗಳು ತಡೆಯಬಹುದಾದದ್ದು ಸೋಫಾ ಇರಬಹುದು, ಪ್ರವಾಸ ಇರಬಹುದು. ನಮ್ಮ ಮನೆಯಲ್ಲಿ ಸೋಫಾ ಯಾವತ್ತೂ ಇರಲಿಲ್ಲ. ಹೊರಗೆ ಊಟ ಮಾಡುವುದನ್ನು ಕಡಿಮೆ ಮಾಡಿ ಎಂದು ತಮ್ಮ ಇನ್ನೊಂದು ಸಲಹೆ. ಬೋಳುತಲೆಯವನಿಗೆ ಬಾಚಣಿಗೆ ಬೇಡ ಎಂದಂತಾಯಿತು. ಇರದ ಖರ್ಚನ್ನೆಲ್ಲ ಕತ್ತರಿಸಿದ ಮೇಲೆ ನಮ್ಮಂಥವರಲ್ಲಿ ತಡೆಯಲು ಉಳಿಯುವುದೇನು ಸ್ವಾಮಿ? ಹಲ್ಲು, ಕಣ್ಣು, ಎದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ತಮ್ಮವರು ಮೈಕಿನಲ್ಲಿ ಎರಡು ಸಲ ಹೇಳಿದರಂತೆ. ಹಾಸಿಗೆಯೇ ವರ್ಷವರ್ಷ ಗಿಡ್ಡವಾಗುತ್ತಿದ್ದರೆ ಏನು ಮಾಡಬೇಕು, ಕಾಲು ಕತ್ತರಿಸಿಕೊಳ್ಳಬೇಕೆ?

ಇದನ್ನೆಲ್ಲ ನಾನು ನುಂಗಿಕೊಂಡಿದ್ದೆ. ನನ್ನ ಗಂಡ ಹಟಮಾರಿ, ತಪ್ಪು ಅವರದೂ ಇದೆ ಎಂದುಕೊಂಡಿದ್ದೆ. ಆದರೆ ಈಚೆಗೆ ಕೈನೋವಿಗೆ ಮಾತ್ರೆ ತರಲು ದೊಡ್ಡಾಸ್ಪತ್ರೆಗೆ ಹೋದರೆ, ಹಣ ಕಟ್ಟುವ ಕಿಟಕಿಯ ಪಕ್ಕದಲ್ಲೇ ನಮ್ಮವರು ನಗುತ್ತಾ ನಿಂತಿದ್ದಾರೆ. ಆಸ್ಪತ್ರೆಯಲ್ಲಿ ಆ ಜಾಗ ಹುಡುಕಿದ ಪುಣ್ಯಾತ್ಮ ಯಾರು? ನನ್ನ ಮುಂದೆ ಒಬ್ಬ ವಯಸ್ಸಾದ ಗಾರೆ ಕೆಲಸದವರು ಪರೀಕ್ಷೆಯ ಚೀಟಿ ಹಿಡಿದು ನಿಂತಿದ್ದರು. ಪೋಸ್ಟರನ್ನು ಓದಿದರು. ಕಿಟಕಿಯ ಮೇಲಿನ ದರಪಟ್ಟಿ ನೋಡಿದರು. ಮತ್ತೆ ಪೋಸ್ಟರ್ ಓದಿದರು. ಆಮೇಲೆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಸಾಲಿನಿಂದ ಹೊರಗೆ ಬಂದರು. ನಾನು ಓಡಿಹೋಗಿ ಅವರ ತೋಳು ಹಿಡಿದೆ.

"ಅಣ್ಣಾ, ಹೋಗ್ಬೇಡಿ. ಅವರು ನನ್ನ ಗಂಡ. ಹಿಂಗೇ ತಡೆದು ಸತ್ತುಹೋದ್ರು."

ಅವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. "ಎಷ್ಟು ಚೆನ್ನಾಗಿ ನಗ್ತಾ ಇದಾರಲ್ಲಮ್ಮ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಹೋದರು. ಹುಚ್ಚಿ ಎಂದುಕೊಂಡಿರಬೇಕು. ಅವರು ಈಗ ಹೇಗಿದ್ದಾರೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿರಲಾರದು.

ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಪಾಪ ಒಳ್ಳೆಯವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಎಲ್ಲ ಕೇಳಿಸಿಕೊಂಡು, "ಅಮ್ಮಾ, ಪೋಸ್ಟರ್‌ಗೆಲ್ಲ ತುಂಬಾ ಖರ್ಚಾಗಿದೆ. ಈಗ ನೀವು ದುಃಖದಲ್ಲಿದೀರಿ. ಒಂದು ತಿಂಗಳು ತಡೀರಿ, ಆಮೇಲೂ ತೆಗೀಲೇಬೇಕು ಅನ್ಸಿದ್ರೆ ಬರೆದುಕೊಡಿ" ಎಂದರು. ತಮಾಷೆಗೆ ಹೇಳಲಿಲ್ಲ. ಬಾಯಿಪಾಠವಾದ ಮಾತು, ತಾನಾಗಿ ಬಂತು. ನಾನು ನೀರಿನ ಲೋಟ ಮೇಜಿನ ಮೇಲಿಟ್ಟು ಎದ್ದು ಬಂದೆ.

ತಿಂಗಳು ತಡೆದಿದ್ದೇನೆ, ಮಾನ್ಯರೇ. ಇನ್ನೂ ಬೇಕು ಅನ್ನಿಸುತ್ತಿದೆ. ತಮ್ಮದೇ ನಿಯಮದ ಪ್ರಕಾರ ಇದು ನಿಜವಾದ ಅಗತ್ಯ. ಆದ್ದರಿಂದ ಮೊದಲು ಆಸ್ಪತ್ರೆಯದನ್ನು, ಆಮೇಲೆ ಊರಿನವೆಲ್ಲವನ್ನೂ ತೆಗೆಸಿ. ಮುಂದೆ ಆ ಸಲಹೆಯನ್ನು ಎಲ್ಲಿ ಅಚ್ಚು ಹಾಕಿಸಿದರೂ "ನೋವಿಗೆ ಇದು ಅನ್ವಯಿಸುವುದಿಲ್ಲ" ಎಂದು ಅದೇ ದಪ್ಪ ಅಕ್ಷರದಲ್ಲಿ ಸೇರಿಸಿ.

ತೆಗೆಸುವಾಗ ಒಂದನ್ನು ಹರಿಯದ ಹಾಗೆ ಬಿಡಿಸಿ ನನಗೆ ಕೊಡಿ. ನಮ್ಮ ಮನೆಯ ಫೋನಿನಲ್ಲಿರುವ ಫೋಟೋಗಳನ್ನೆಲ್ಲ ತೆಗೆದವರು ಅವರೇ, ಹಾಗಾಗಿ ಅವರು ಯಾವುದರಲ್ಲೂ ಇಲ್ಲ. ಸ್ಟುಡಿಯೋ ಫೋಟೋ ತಿಂಗಳು ತಡೆಯುವುದರಲ್ಲೇ ಹೋಯಿತು. ಅವರ ಮುಖ ನೆಟ್ಟಗೆ ಕಾಣುವುದು ತಮ್ಮ ಪೋಸ್ಟರ್‌ನಲ್ಲಿ ಮಾತ್ರ. ಕೆಳಗಿನ ಅಕ್ಷರಗಳನ್ನು ನಾನೇ ತೆಗೆದುಹಾಕುತ್ತೇನೆ. ಕತ್ತರಿ ನನ್ನ ಹತ್ತಿರ ಇದೆ.

ಇಂತಿ,
ತಮ್ಮ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವರ ಹೆಂಡತಿ