ಚಾಕು ಅನಬ್ಯಾಡ್ರಿ, ಕಠಾರಿ ಅನ್ರಿ

ಮಾನ್ಯರೇ,

ಆಯುಧ ಹಿಡಿದು ಯಾರೂ ಓಡಾಡಬಾರದೆಂಬ ಆದೇಶಕ್ಕೆ ಸಹಿ ಮಾಡುವವರು ತಾವೇ ಎಂದು ಕೇಳಿದ್ದೇನೆ. ಹಾಗಾಗಿ ನಡುವಿನವರನ್ನೆಲ್ಲ ಬಿಟ್ಟು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ನನ್ನ ಗಂಡ ಸಿದ್ದೇಶ ಮದುಮಗನಾಗಿ ನಮ್ಮ ಮದುವೆಗೆ ಬರುತ್ತಿದ್ದಾಗ, ಅವರ ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಚಾಕು ಇತ್ತೆಂದು ಶಸ್ತ್ರ ಕಾಯ್ದೆಯ ಕೇಸು ಹಾಕಲಾಗಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಲಾರಿ ಓಡಿಸುವ ಅವರು ಈಗ ಸರ್ಕಾರಿ ಬಸ್ ಚಾಲಕರ ಹುದ್ದೆಗೆ ಆಯ್ಕೆಯಾಗಿದ್ದಾರೆ. ಈ ತಿಂಗಳು ಮುಗಿಯುವುದರೊಳಗೆ ‘ಈತನ ಮೇಲೆ ಯಾವ ಪ್ರಕರಣವೂ ಇಲ್ಲ’ ಎಂಬ ಪೊಲೀಸ್ ವರದಿ ಹೋಗದಿದ್ದರೆ ಆ ಹುದ್ದೆ ಪಟ್ಟಿಯಲ್ಲಿ ಮುಂದಿನವನ ಪಾಲಾಗುತ್ತದೆ. ನಾಡನ್ನು ಒಂದು ನಿಂಬೆಹಣ್ಣಿನಿಂದ ಕಾಪಾಡಿದ ತಮ್ಮ ವ್ಯವಸ್ಥೆಗೆ ಮೊದಲು ನನ್ನ ಅಭಿನಂದನೆ.

ತಾವು ಯಾವ ಕಡೆಯವರೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಮೈಗೆ ಅರಿಶಿನ ಬಿದ್ದ ಮದುಮಗ ತಲೆಗೆ ಅಕ್ಕಿಕಾಳು ಬೀಳುವವರೆಗೆ ಕೈಯಿಂದ ಕಬ್ಬಿಣ ಬಿಡುವಂತಿಲ್ಲ. ಗಾಳಿ ಸೋಕಬಾರದು, ಕಣ್ಣು ಬೀಳಬಾರದು ಎಂದು ಹಿರಿಯರು ಸಣ್ಣದೊಂದು ಚಾಕುವಿನ ತುದಿಗೆ ನಿಂಬೆಹಣ್ಣು ಸಿಕ್ಕಿಸಿ ಕೊಡುತ್ತಾರೆ. ಊಟಕ್ಕೆ ಕೂತರೂ ಅದು ಎಡಗೈಯಲ್ಲಿರಬೇಕು, ಮಲಗಿದರೂ ಮಗ್ಗುಲಲ್ಲಿರಬೇಕು. ನಮ್ಮ ಮನೆಯವರ ಚಾಕುವನ್ನು ಅವರ ಅಜ್ಜಿ ಉಚ್ಚಂಗೆವ್ವ ರಾಣೆಬೆನ್ನೂರಿನ ಸಂತೆಯಲ್ಲಿ ಅರ್ಧ ತಾಸು ಚೌಕಾಸಿ ಮಾಡಿ ತಂದಿದ್ದರು. ಅಲಗು ಆರು ಇಂಚು. ಅದರ ಹರಿತ ಎಷ್ಟಿತ್ತೆಂದರೆ, ನಿಂಬೆಹಣ್ಣಿಗೆ ಮೊದಲು ದಬ್ಬಣದಿಂದ ತೂತು ಮಾಡಿ ಆಮೇಲೆ ಅದನ್ನು ತೂರಿಸಬೇಕಾಯಿತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಆ ಹೊತ್ತಿಗೆ ನಾನು ಹಾವೇರಿಯ ಕಲ್ಯಾಣ ಮಂಟಪದಲ್ಲಿ ತಲೆಗೆ ಬಾಸಿಂಗ ಕಟ್ಟಿಕೊಂಡು, ಬಾಗಿಲು ನೋಡುತ್ತ ಕೂತಿದ್ದೆ. ಅಜ್ಜಿಯೂ, ಗಾಡಿ ಓಡಿಸುತ್ತಿದ್ದ ನಮ್ಮವರ ಗೆಳೆಯ ಮುಸ್ತಾಕನೂ ಹೇಳಿದ್ದನ್ನು ಹೇಳುತ್ತೇನೆ. ಬ್ಯಾಡಗಿಯಿಂದ ಹೊರಟ ಗಾಡಿ ಹೆದ್ದಾರಿಗೆ ಬಂದಾಗ ಚುನಾವಣೆಯ ತಪಾಸಣೆ ನಡೆದಿತ್ತು. ಗಾಡಿಯ ಹಿಂಬದಿಯಲ್ಲಿ ಅಡಿಗೆಯ ಮೈಲಪ್ಪನ ಚೀಲ. ಬಿಚ್ಚಿದರು. ಮೂರು ಈಳಿಗೆಮಣೆ, ಕುಂಬಳಕಾಯಿ ಸೀಳುವ ಮೊಳದುದ್ದದ ಕೊಯ್ತಾ. “ಅಡಗಿ ಸಾಮಾನೇನು? ಇರ್ಲಿ ಬಿಡು,” ಎಂದು ಮತ್ತೆ ಕಟ್ಟಿದರು. ಆಮೇಲೆ ಮುಂದಿನ ಸೀಟಿನಲ್ಲಿದ್ದ ಮದುಮಗನ ಕಡೆ ಕಣ್ಣು ಹೋಯಿತು.

“ಚಾಕು ಹಿಡಕೊಂಡು ಎಲ್ಲಿಗೆ ಹೊಂಟೀರಿ?”

“ಮದವಿಗ್ರಿ.”

“ಯಾರ ಮದವಿ?”

“ನಂದರಿ ಸಾಹೇಬ್ರ.”

“ಆ ಚಾಕು ಇಲ್ಲಿ ಕೊಡ್ರಿ.”

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ನಮ್ಮ ಅಜ್ಜಿ ಸುಮ್ಮನಿದ್ದಿದ್ದರೆ ಸಾಹೇಬರು ಎರಡು ಮಾತು ಬೈದು ಕಳಿಸುತ್ತಿದ್ದರೋ ಏನೋ. ಆದರೆ ಅಜ್ಜಿಗೆ ಶಾಸ್ತ್ರ ಕೆಡುವುದನ್ನು ನೋಡಿಕೊಂಡು ಸುಮ್ಮನಿರಲು ಬರುವುದಿಲ್ಲ.

“ಚಾಕು ಅನಬ್ಯಾಡ್ರಿ ಸಾಹೇಬ್ರ. ಮದುಮಗನ ಕೈಯಾಗಿಂದಕ್ಕ ಹಂಗ ಅಂದ್ರ ಅಪಶಕುನ. ಕಠಾರಿ ಅನ್ರಿ.”

ಸಾಹೇಬರು ಹಿರಿಯರ ಮಾತು ಮೀರುವವರಲ್ಲ. ಕಠಾರಿ ಎಂದೇ ಬರೆದುಕೊಂಡರು.

ಈ ಒಂದು ಶಬ್ದದ ಬೆಲೆಯನ್ನು ಆಮೇಲೆ ನಮ್ಮ ವಕೀಲ ರುದ್ರಮುನಿಯವರು ಬಿಡಿಸಿ ಹೇಳಿದರು. ಚಾಕುವಾದರೆ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರಬೇಕಂತೆ, ಆಗ ಮಾತ್ರ ಅದು ಆಯುಧ. ಮನೆಗೆಲಸದ್ದು, ಹೊಲದ ಕೆಲಸದ್ದು ಆಗಿದ್ದರೆ ಅದೂ ಮಾಫಿ. ಕಠಾರಿಯ ಹೆಸರು ಮಾತ್ರ ಕತ್ತಿ ಈಟಿಗಳ ಸಾಲಿನಲ್ಲಿ ನೇರವಾಗಿಯೇ ಇದೆಯಂತೆ. ಅದಕ್ಕೂ ಈ ಇಂಚಿನ ಲೆಕ್ಕ ಉಂಟೋ ಇಲ್ಲವೋ ಎಂಬುದನ್ನು ಕೋರ್ಟಿನಲ್ಲಿ ವಾದಿಸಬೇಕು. ಸಾಲದ್ದಕ್ಕೆ ಚುನಾವಣೆಯ ಹೊತ್ತಿನ ತಮ್ಮ ಆದೇಶದಲ್ಲಿ ‘ಯಾವುದೇ ಮಾರಕ ವಸ್ತು’ ಎಂದಿದೆ, ಅದಕ್ಕೆ ಇಂಚೂ ಇಲ್ಲ, ಗೇಣೂ ಇಲ್ಲ. “ಅಜ್ಜಿ ಚಾಕು ಅಂತ ಬಿಟ್ಟಿದ್ರ ಅಲ್ಲೇ ಮುಗೀತಿತ್ತು ನೋಡ್ರಿ,” ಎಂದರು ವಕೀಲರು. ಅವತ್ತಿನಿಂದ ಅಜ್ಜಿ “ನನ್ನ ನಾಲಗಿ ಸುಡ್ಲಿ” ಎನ್ನುತ್ತ ಒಂದು ಮೂಲೆ ಹಿಡಿದಿದ್ದಾರೆ. ಜೀವಮಾನವಿಡೀ ಊರಿನ ಮದುವೆಗಳಲ್ಲಿ ಮುಂದೆ ನಿಂತು ಶಾಸ್ತ್ರ ಹೇಳಿಕೊಟ್ಟ ಹೆಂಗಸು ಈಗ ಕರೆದರೂ ಯಾರ ಮದುವೆಗೂ ಹೋಗುತ್ತಿಲ್ಲ.

ಮತ್ತೆ ಆ ದಿನಕ್ಕೆ ಬರುತ್ತೇನೆ. ಕಠಾರಿ ಕೊಡಿ ಎಂದಾಗ ಅಜ್ಜಿ, “ಅಕ್ಕಿಕಾಳು ಬೀಳೂತನ ಅದು ಅಂವನ ಕೈ ಬಿಡಂಗಿಲ್ರಿ. ಒಯ್ಯೂದಿದ್ರ ಇಬ್ಬರನ್ನೂ ಒಯ್ರಿ,” ಎಂದುಬಿಟ್ಟರು. ಒಯ್ದರು. ಠಾಣೆಯ ಬಾಗಿಲಲ್ಲಿ ಪಹರೆಯವನು, ಆಯುಧ ಹಿಡಿದವರನ್ನು ಒಳಗೆ ಬಿಡುವುದಿಲ್ಲ ಎಂದ. ಕೈಯಲ್ಲಿ ಕಠಾರಿ ಇದೆಯೆಂದು ಕರೆತಂದವರು, ಕಠಾರಿ ಇದೆಯೆಂದೇ ಹೊರಗೆ ನಿಲ್ಲಿಸಿದರು. ಬಾಸಿಂಗ ಕಟ್ಟಿದ ಮನುಷ್ಯ ಮೆಟ್ಟಿಲ ಮೇಲೆ ನಿಂತರೆ ದಾರಿಹೋಕರು ಬಿಡುತ್ತಾರೆಯೇ? ಮೊಬೈಲಿನಲ್ಲಿ ಫೋಟೊ ಹಿಡಿದರು. ಕಡೆಗೆ ಮುಹೂರ್ತ ಮೀರುತ್ತದೆಂದು ನಮ್ಮವರೇ ಅದನ್ನು ಕೊಟ್ಟರು. ನಿಂಬೆಹಣ್ಣಿನ ಸಮೇತ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು, ಕರೆದಾಗ ಬರಬೇಕೆಂದು ಸಹಿ ಮಾಡಿಸಿಕೊಂಡು ಇವರನ್ನು ಬಿಟ್ಟರು. ಪಂಚನಾಮೆಯಲ್ಲಿ ನಿಂಬೆಹಣ್ಣಿನ ಬಣ್ಣವನ್ನೂ ಕಾಣಿಸಿದ್ದಾರೆ, ಹಳದಿ. ಈಗ ಯಾವ ಬಣ್ಣವಿದೆಯೋ ದೇವರಿಗೇ ಗೊತ್ತು.

ಬರಿಗೈಯಲ್ಲಿ ನಿಂತ ಗೆಳೆಯನನ್ನು ನೋಡಿ ಮುಸ್ತಾಕನಿಗೆ ತಡೆಯಲಿಲ್ಲ. “ಕಬ್ಬಿಣ ಬೇಕಲ್ಲಲೇ? ತಗೊ, ಇದನ್ನ ಹಿಡಿ,” ಎಂದು ಗಾಡಿಯ ಚಕ್ರ ಬಿಚ್ಚುವ ಪಾನಾ ತೆಗೆದು ಕೈಗಿಟ್ಟ. ಅಜ್ಜಿ ಅದಕ್ಕೂ ಒಂದು ನಿಂಬೆಹಣ್ಣು ದಾರದಿಂದ ಕಟ್ಟಿದರು. ಒಂದೂವರೆ ಅಡಿ ಉದ್ದದ ಆ ಪಾನಾದಿಂದ ಎತ್ತಿನ ತಲೆಯನ್ನೂ ಒಡೆಯಬಹುದು. ಅದನ್ನು ಹಿಡಿದು ಅವರು ಅದೇ ತಪಾಸಣೆ ದಾಟಿ, ಅದೇ ಸಾಹೇಬರ ಮುಂದೆಯೇ ಮಂಟಪಕ್ಕೆ ಬಂದರು. ಯಾರೂ ಚಕಾರವೆತ್ತಲಿಲ್ಲ. ಅಂತರಪಟ ಸರಿದಾಗ ನನಗೆ ಮೊದಲು ಕಂಡದ್ದು ಗಂಡನ ಮುಖವಲ್ಲ, ಪಾನಾ. ನಾನೂ ನಕ್ಕೆ. ಮನೆಗೆ ಸಮನ್ಸು ಬಂದ ಮೇಲೆ ನಗುವುದು ನಿಂತಿತು.

ಮಾನ್ಯರೇ, ನನ್ನದು ಹಾವೇರಿಯಲ್ಲಿ ಹೊಲಿಗೆ ಅಂಗಡಿ. ತವರಿನಲ್ಲಿದ್ದಾಗ ದಿನಾ ಅಗಡಿಯಿಂದ ಬಸ್ಸಿಗೆ ಬರುತ್ತಿದ್ದೆ, ಚೀಲದಲ್ಲಿ ಹನ್ನೆರಡು ಇಂಚಿನ ಕತ್ತರಿ ಇರುತ್ತಿತ್ತು. ಅದಕ್ಕೆ ಎರಡು ಅಲಗು. ತಾವು ಒಂದನ್ನೇ ಅಳೆಯುತ್ತೀರೋ, ಎರಡನ್ನೂ ಕೂಡಿಸುತ್ತೀರೋ? ಮುಚ್ಚಿದ್ದರೆ ಹೊಲಿಗೆ ಸಾಮಾನು, ತೆರೆದರೆ ಮಾರಕಾಸ್ತ್ರವೋ? ಕುಡುಗೋಲಿನ ಉದ್ದವನ್ನು ಅದರ ಬಾಗು ಹಿಡಿದು ಅಳೆಯಬೇಕೋ, ತುದಿಯಿಂದ ಹಿಡಿಕೆಗೆ ನೇರವಾಗಿ ಅಳೆಯಬೇಕೋ? ಮಹಾನವಮಿಗೆ ಠಾಣೆಯಲ್ಲೂ ಆಯುಧಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ, ಮನೆಯಲ್ಲಿ ನಾವೂ ಮಾಡುತ್ತೇವೆ. ನಮ್ಮದು ಯಾವ ಕ್ಷಣದಲ್ಲಿ ಅಪರಾಧವಾಗುತ್ತದೆಂದು ಪೂಜೆಗೆ ಮುಂಚೆ ಯಾರನ್ನು ಕೇಳಬೇಕು? ಕೇಳಲು ಹೋದರೆ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸುತ್ತಾರೆ. ಹಿಡಿಯುವವರಿಗೆ ಗೊತ್ತಿಲ್ಲದ ಕಾನೂನು ಹಿಡಿಸಿಕೊಳ್ಳುವವರಿಗೆ ಮಾತ್ರ ಬಾಯಿಪಾಠವಾಗಿರಬೇಕು.

ಈಗ ನಮಗೊಂದು ಸುಲಭೋಪಾಯ ಹೇಳಿದ್ದಾರೆ. ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ದಂಡ ಕಟ್ಟಿ ಮನೆಗೆ ಹೋಗಬಹುದಂತೆ. ಹಾಗೆ ಮಾಡಿದರೆ ಶಿಕ್ಷೆಯಾದವನೆಂದು ನೌಕರಿ ಇಲ್ಲ. ಒಪ್ಪದಿದ್ದರೆ ಕೇಸು ಬಾಕಿ ಇದೆಯೆಂದು ನೌಕರಿ ಇಲ್ಲ. ಅತ್ತ ದರಿ, ಇತ್ತ ಪುಲಿ. ನನ್ನ ಗಂಡ ಗಟ್ಟಿ ಮನುಷ್ಯ, ಲಾರಿಯ ಚಕ್ರ ಒಬ್ಬರೇ ಬದಲಿಸುತ್ತಾರೆ. ಆದರೆ ಕೋರ್ಟಿನ ಮೆಟ್ಟಿಲೆಂದರೆ ಅವರಿಗೆ ಭಯ. ಈಗ ಉಳ್ಳಾಗಡ್ಡಿ ಹೆಚ್ಚಿಕೊಡಿ ಎಂದರೂ ಚಾಕು ಮುಟ್ಟುವುದಿಲ್ಲ, ಗುದ್ದಿ ಒಡೆಯುತ್ತಾರೆ. ಮೊನ್ನೆ ಉಣ್ಣಲು ಕೂತಾಗ, “ಒಪ್ಕೊಂಡಬಿಡ್ಲೇನ ಶೈಲಾ? ಎಷ್ಟ ಅಂತ ಓಡಾಡೂದು? ಲಾರಿ ಹೆಂಗೂ ಐತಿ,” ಎಂದರು. ನಾನು ತಟ್ಟೆ ತೊಳೆದಿಟ್ಟು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮದುಮಗನ ಕೈಯ ಕಬ್ಬಿಣ ಆಯುಧವಲ್ಲವೆಂದು ತಮ್ಮ ಆದೇಶದಲ್ಲಿ ಒಂದು ಸಾಲು ಸೇರಿಸಿ, ತಿಂಗಳು ಮುಗಿಯುವ ಮೊದಲು ಈ ಕೇಸನ್ನು ಹಿಂದಕ್ಕೆ ಪಡೆಯುವಂತೆ ಬರೆಯಿರಿ. ಅದು ಆಯುಧವೇ ಎಂದಾದರೆ ಅದನ್ನೂ ತಿಳಿಗನ್ನಡದಲ್ಲಿ ಬರೆದು, ಸಹಿ ಮಾಡಿ, ಪ್ರತಿ ಕಲ್ಯಾಣ ಮಂಟಪದ ಬಾಗಿಲಿಗೂ ಅಂಟಿಸಿರಿ. ತಪ್ಪೊಪ್ಪಿಗೆಯನ್ನು ಮಾತ್ರ ನಮ್ಮಿಂದ ನಿರೀಕ್ಷಿಸಬೇಡಿ. ಅವತ್ತು ಆ ಮನುಷ್ಯ ಮನೆ ಬಿಟ್ಟು ಹೊರಟದ್ದು ನನ್ನನ್ನು ಮದುವೆಯಾಗಲು. ಅದನ್ನು ಅಪರಾಧವೆಂದು ಅವರ ಬಾಯಿಂದ ಹೇಳಿಸಲು ನಾನು ಬಿಡುವುದಿಲ್ಲ, ನೌಕರಿ ಹೋದರೆ ಹೋಗಲಿ.

ಇಂತಿ,
ಆರೋಪಿ ನಂಬರ್ ಒಂದನ್ನು ತಿಳಿದೂ ತಿಳಿದೂ ಕೈಹಿಡಿದ
ಶೈಲಾ ಸಿದ್ದೇಶ
ಹಾವೇರಿ